ನಕ್ಷತ್ರದ ವೇಗ, ಸಾಣೆಯ ಕಲ್ಲು

"ಬುದ್ಧೀ, ಎಳೆಯ ಪಲ್ಸಾರ್‌ನ ವೇಗವೆಲ್ಲ ಎಲ್ಲಿಗೆ ಹೋಗುತ್ತದೆ?" ಎಂದು ಗುರುಪಾದನೆಂಬ ಶಿಷ್ಯ ಮಠದ ಗುರುಗಳನ್ನು ಕೇಳಿದ.

ಪಲ್ಸಾರ್ ಎಂದರೆ ಸಿಡಿದುಹೋದ ನಕ್ಷತ್ರದ ತಿರುಳು. ಹುಟ್ಟಿದ ಹೊಸದರಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸುತ್ತು ತಿರುಗುತ್ತದೆ. ಕಾಲ ಕಳೆದಂತೆ ನಿಧಾನವಾಗುತ್ತದೆ. ಯಾವಾಗಲೋ ಒಮ್ಮೆ ತಟಕ್ಕನೆ ತುಸು ವೇಗ ಪಡೆದರೂ ಮತ್ತೆ ನಿಧಾನದ ಹಾದಿಯನ್ನೇ ಹಿಡಿಯುತ್ತದೆ.

"ನನ್ನ ಜಪವೂ ಹಾಗೇ ಆಗಿದೆ ಬುದ್ಧೀ. ಮಠಕ್ಕೆ ಬಂದಾಗ ಎಂಥ ರಭಸವಿತ್ತು! ರೋಗಿಗಳ ಆರೈಕೆಗೆ ನಿಂತಮೇಲೆ ಸೋತುಹೋಗಿದೆ. ಒಂದೊಂದು ಬೆಳಿಗ್ಗೆ ತಾನಾಗಿ ಉಕ್ಕುತ್ತದೆ, ಮತ್ತೆ ಇಳಿಯುತ್ತದೆ. ಆರೈಕೆ ಬಿಟ್ಟು ಬೆಟ್ಟದ ಗವಿಗೆ ಹೋಗುತ್ತೇನೆ. ಅಪ್ಪಣೆ ಕೊಡಿ."

ಗುರುಗಳು ಕಣ್ಣು ಮುಚ್ಚಿ ಶಿವನನ್ನು ನೆನೆದರು. ಆಮೇಲೆ ಹೇಳಿದರು:

ಒಂದೂರಿನಲ್ಲಿ ಒಬ್ಬ ಸಾಣೆ ಹಿಡಿಯುವವನಿದ್ದ. ಅವನ ಕಲ್ಲು ಬಲು ಭಾರ. ಒಮ್ಮೆ ರಭಸವಾಗಿ ತಿರುಗಿಸಿ ಬಿಟ್ಟರೆ ಬಹಳ ಹೊತ್ತು ಸುತ್ತುತ್ತಿತ್ತು. ಆ ಸುತ್ತು ನೋಡಲು ಜನ ನಿಲ್ಲುತ್ತಿದ್ದರು. ಅವನಿಗೆ ಅದೇ ಹೆಮ್ಮೆ. ಕಬ್ಬಿಣ ತಾಗಿದರೆ ಕಲ್ಲು ನಿಧಾನವಾಗುತ್ತದೆಂದು ಅಲಗನ್ನು ಮೇಲೆಮೇಲೆ ಸೋಕಿಸಿ ತೆಗೆಯುತ್ತಿದ್ದ. ಕಿಡಿ ಚೆನ್ನಾಗಿ ಹಾರುತ್ತಿತ್ತು.

ರಾಗಿ ಕೊಯ್ಲಿನ ಕಾಲ. ಮೋಡ ಕವಿದಿತ್ತು. ಒಬ್ಬ ಹೆಂಗಸು ಕುಡುಗೋಲು ತಂದಳು. ಅವನು ಎಂದಿನಂತೆ ಸೋಕಿಸಿ ಕೊಟ್ಟ. ಅವಳು ಹೊಲಕ್ಕೆ ಹೋದವಳು ಹೋದಷ್ಟೇ ಬೇಗ ತಿರುಗಿ ಬಂದಳು.

"ಏನಪ್ಪಾ, ಇದನ್ನ ಸಾಣೆ ಹಿಡಿದೆಯೋ, ಮುದ್ದು ಮಾಡಿದೆಯೋ? ಒಂದು ತೆನೆ ಕೊಯ್ಯಲಿಲ್ಲ. ಮಳೆ ಬಂದರೆ ನನ್ನ ಮಕ್ಕಳು ಏನು ತಿನ್ನಬೇಕು?"

"ಒತ್ತಿ ಹಿಡಿದರೆ ಕಲ್ಲು ನಿಧಾನ ಆಗ್ತದೆ ತಾಯೀ."

"ಆಗಲಿ ಬಿಡು! ನಾನೇನು ನಿನ್ನ ಕಲ್ಲು ಹೊತ್ತುಕೊಂಡು ಹೋಗಿ ರಾಗಿ ಕೊಯ್ತೀನಾ?"

ಅವನು ನಾಚಿದ. ಕಲ್ಲನ್ನು ತಿರುಗಿಸಿ ಬಿಟ್ಟು ಕುಡುಗೋಲನ್ನು ಒತ್ತಿ ಹಿಡಿದ. ಕಲ್ಲು ನರಳಿತು, ನಿಧಾನವಾಯಿತು, ಇನ್ನೇನು ನಿಲ್ಲುವಂತಾಯಿತು. ಅವಳು ಅಲಗಿನ ಮೇಲೆ ಹೆಬ್ಬೆರಳು ಸವರಿ ನೋಡಿ, ಹೊಲದ ಕಡೆ ಓಡಿದಳು. ಮಳೆ ಬೀಳುವ ಮೊದಲು ರಾಗಿ ಮನೆ ಸೇರಿತು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ತಲೆ ಎತ್ತಿ, "ಆ ಪಲ್ಸಾರ್‌ನ ಸುತ್ತ ಒಂದು ಅನಿಲದ ಮೋಡ ಹೊಳೆಯುತ್ತದೆ ಬುದ್ಧೀ. ಅದು ಕಳೆದುಕೊಂಡ ವೇಗವೇ ಅಲ್ಲಿ ಬೆಳಕಾಗಿದೆಯಂತೆ" ಎಂದು ಮೆಲ್ಲಗೆ ಹೇಳಿದ. ಹೇಳಿದರೂ ಗವಿಗೆಂದು ಕಟ್ಟಿಟ್ಟ ಗಂಟನ್ನು ಕೈಯಿಂದ ಬಿಟ್ಟಿರಲಿಲ್ಲ.

ಗುರುಗಳು ನಕ್ಕರು.

"ಹೋಗಿ ಬಾ ಮಗೂ, ಹೋಗುವ ಮುಂಚೆ, ಇವತ್ತು ಹಾಸಿಗೆಯಿಂದ ತಾನಾಗಿ ಎದ್ದು ಕೂತ, ನಿನ್ನ ಆರೈಕೆಯಲ್ಲಿದ್ದ ಆ ಮುದುಕಪ್ಪನನ್ನು ಒಂದು ಮಾತು ಕೇಳು, ಅಷ್ಟು ಬಲ ಅವನಿಗೆ ಎಲ್ಲಿಂದ ಬಂತು ಅಂತ."