ರೇಕಿನ ಕೆಳಗೆ

“ಸರ್, ಗ್ರಾಫೀನ್‌ನಲ್ಲಿ ವಿದ್ಯುತ್ತು ನೀರು ಕುಡಿದಷ್ಟು ಸಲೀಸಾಗಿ ಹರಿಯುತ್ತದೆ ಅನ್ನುತ್ತಾರೆ. ನನ್ನ ಹಾಳೆಯಲ್ಲಿ ಮಾತ್ರ ಯಾಕೆ ಎಡವುತ್ತದೆ?”

ಹೀಗೆ ಕೇಳಿದ ಸರ್ವಮಂಗಳಾಳ ಕಣ್ಣು ತುಂಬಿತ್ತು. ಎರಡು ವರ್ಷದಿಂದ ಅವಳು ಗ್ರಾಫೀನ್ ಎಂಬ, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೂರಿಸುತ್ತಿದ್ದಳು. ಈ ಹಾಳೆ ಎಲೆಕ್ಟ್ರಾನಿಕ್ಸ್‌ಗೆ ಒದಗದು, ಸಂಶೋಧನೆ ಕೈಬಿಡುತ್ತೇನೆ ಎಂದು ಬರೆದ ಕಾಗದವನ್ನು ಮೇಜಿನ ಮೇಲಿಟ್ಟಳು.

ಮೇಷ್ಟ್ರು ಕರಿಬಸಯ್ಯ ಅದನ್ನು ಓದಲಿಲ್ಲ. “ಅಳಬೇಡ ತಾಯಿ, ಬಿಲ್ಲೆ ಒದ್ದೆಯಾದೀತು. ಕೂತು ಕೇಳು” ಎಂದು ಕತೆ ಶುರುಮಾಡಿದರು.

ಚಿನ್ನದ ರೇಕು ಬಡಿಯುವವನೊಬ್ಬನಿದ್ದ. ಉಸಿರು ಬಿಟ್ಟರೆ ಹಾರುವಷ್ಟು ತೆಳು ರೇಕು ಅವನದು. ಸ್ವಲ್ಪ ಸೊಕ್ಕೂ ಇತ್ತು ಅನ್ನು. ಇರಲಿ, ಕೈ ಅಂಥದ್ದು. ಒಬ್ಬ ವರ್ತಕ ಮಠದ ಹೊಸ ಸ್ವಾಮಿಗಳ ಪಟ್ಟಕ್ಕೆಂದು ಮರದ ಪೀಠ ಮಾಡಿಸಿ, ರೇಕು ಹೊದಿಸಲು ಇವನನ್ನು ಕರೆಸಿದ. ಹೊದಿಸಿದ್ದಾಯಿತು. ನೋಡಿದರೆ ಚಿನ್ನದ ತುಂಬ ಗೀರು, ಗುಳಿ.

“ಇದೇನಯ್ಯ, ನಿನ್ನ ಚಿನ್ನಕ್ಕೆ ಸಿಡುಬು ಎದ್ದಿದೆಯಲ್ಲ! ಪಟ್ಟದ ದಿನದೊಳಗೆ ಸರಿಹೋಗದಿದ್ದರೆ ಈ ಊರಲ್ಲಿ ನಿನಗಿನ್ನು ಕೆಲಸವಿಲ್ಲ” ಎಂದ ವರ್ತಕ.

ರೇಕಿನವನಿಗೆ ಭೂಮಿಗಿಳಿದುಹೋಗುವಂತಾಯಿತು. ಎಲ್ಲ ಕೆರೆದು, ಕರಗಿಸಿ, ಮತ್ತೆ ಬಡಿದ. ಕೆಟ್ಟಿರುವುದು ರೇಕೇ ಎಂದು ಅವನೆಣಿಕೆ. ಹಾಗಾಗಿ ಇನ್ನೂ ತೆಳುವಾಗಿ ಬಡಿದು ಹೊದಿಸಿದ. ಗೀರು ಮೊದಲಿಗಿಂತ ಹೆಚ್ಚು ಕಂಡಿತು. ಮೂರನೆಯ ಸಲವೂ ಅದೇ ಪಾಡು. ಸಾಕಪ್ಪಾ ಈ ಕಸುಬು ಎಂದು ಅಪ್ಪನ ಕಾಲದ ಸುತ್ತಿಗೆಯನ್ನು ಬಾವಿಗೆ ಎಸೆಯಲು ಹೊರಟ.

ಬಾವಿಕಟ್ಟೆಯಲ್ಲಿ ಗೊಂಬೆ ಮಾಡುವ ಮುದುಕಿ ಕೈ ತೊಳೆಯುತ್ತಿದ್ದಳು. ಸಂಗತಿ ಕೇಳಿ ಅವನೊಡನೆ ಬಂದು, ರೇಕು ಕೆರೆಸಿ, ಪೀಠದ ಬರಿಮೈ ಮೇಲೆ ಬೆರಳಾಡಿಸಿದಳು.

“ಅಲ್ಲವೋ ಮಹರಾಯ, ಉಳಿಯ ಗುರುತು ಮರದಲ್ಲೇ ಇದೆಯಲ್ಲ! ರೇಕು ದಪ್ಪಗಿದ್ದಿದ್ದರೆ ಮುಚ್ಚಿಹಾಕುತ್ತಿತ್ತು. ನಿನ್ನದು ಸುಳ್ಳು ಹೇಳಲಾರದಷ್ಟು ತೆಳು.”

ಅವಳು ಬಿಳಿಮಣ್ಣಿಗೆ ಗೋಂದು ಕಲಸಿ ಮರಕ್ಕೆ ಬಳಿದಳು. ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದಳು. ಅವನು ಮೂರನೆಯ ಸಲ ಬಡಿದು ಮಿಕ್ಕಿದ್ದ ರೇಕನ್ನೇ ಹೊದಿಸಿದ. ಒಂದು ಗೀರೂ ಕಾಣಲಿಲ್ಲ. ಆ ಪೀಠದ ಮೇಲೆಯೇ ಪಟ್ಟವಾಯಿತು.

ಕತೆ ಮುಗಿಯಿತು. ಸರ್ವಮಂಗಳಾಳಿಗೆ ಸಮಾಧಾನವಾಗಲಿಲ್ಲ.

“ಕತೆ ಚೆನ್ನಾಗಿದೆ ಸರ್. ಆದರೆ ನಾನು ನಲವತ್ತು ಸಲ ಹೊಸ ಹಾಳೆ ಕೂರಿಸಿದ್ದೇನೆ. ನಲವತ್ತು ಸಲವೂ ಪರೀಕ್ಷೆ ಮಾಡಿದ್ದೇನೆ. ಹಾಳೆಯಲ್ಲಿ ಒಂದು ಕುಂದೂ ಇಲ್ಲ!”

ಮೇಷ್ಟ್ರು ಅವಳ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಹಾಳೆಯನ್ನು ನಲವತ್ತು ಸಲ ಪರೀಕ್ಷಿಸಿದೆ ಸರಿ, ಅದು ಕೂತ ಬಿಲ್ಲೆಯನ್ನು ಎಷ್ಟು ಸಲ?”

ಸರ್ವಮಂಗಳಾ ಮೇಜಿನ ಮೇಲಿನ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡಳು.