ಗೋವರ್ಧನ ಪಂಡಿತರ ಎರಡು ತೀರ್ಪು

“ನನ್ನಂಥ ನಿಷ್ಪಕ್ಷಪಾತಿ ಈ ಸೀಮೆಯಲ್ಲೇ ಇಲ್ಲ, ಪ್ರಭು,” ಎಂದರು ಗೋವರ್ಧನ ಪಂಡಿತರು. ತಮ್ಮ ಬಗ್ಗೆ ತಾವೇ ತೀರ್ಪು ಕೊಟ್ಟುಕೊಳ್ಳುವುದಕ್ಕೆ ಅವರಿಗೆ ಎಂದೂ ತಡವಾಗುತ್ತಿರಲಿಲ್ಲ.

ಹೊನ್ನಕೆರೆಯ ಸರ್ಜಪ್ಪ ನಾಯಕ ಅವರನ್ನು ಹಿರಿಯ ನ್ಯಾಯಾಧಿಕಾರಿ ಮಾಡಲು ಹೊರಟಿದ್ದ. ಆಸ್ಥಾನದ ವಿದೂಷಕ ಕೊಂಡಯ್ಯನಿಗೆ ಮಾತ್ರ ಇದು ಹಿಡಿಸಲಿಲ್ಲ. ಪಂಡಿತರ ಮುಂದೆ ಬರಲಿದ್ದ ಮೊದಲ ಮೊಕದ್ದಮೆ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ದ್ಯಾವನದು. ನಾಯಕನ ಭಾವಮೈದುನ ತನ್ನ ಕಬ್ಬಿಗೆ ನೀರು ಉಳಿಸಿಕೊಳ್ಳಲು ಕೆರೆಯ ತೂಬಿಗೆ ಬೀಗ ಜಡಿದಿದ್ದ. ದ್ಯಾವ ಬೀಗ ಒಡೆದು ಊರಿನ ಗದ್ದೆಗಳಿಗೆ ನೀರು ಬಿಟ್ಟು ಈಗ ಸೆರೆಯಲ್ಲಿದ್ದ. ತಪ್ಪಿತಸ್ಥ ಎಂದರೆ ಅವನ ಬಲಗೈ ಹೋಗುತ್ತಿತ್ತು. ಪಂಡಿತರೋ, ಹತ್ತು ವರ್ಷದಲ್ಲಿ ದೊಡ್ಡವರ ವಿರುದ್ಧ ಒಂದು ತೀರ್ಪೂ ಕೊಟ್ಟವರಲ್ಲ. ದೊಡ್ಡವರು ತಪ್ಪೇ ಮಾಡುವುದಿಲ್ಲವಲ್ಲ, ಪಾಪ.

ಆ ಅರಮನೆಯಲ್ಲೊಂದು ಪದ್ಧತಿ. ಪೀಠ ಏರುವವನು ಮೊದಲು ತುಂಬಿದ ಸಭೆಯಲ್ಲಿ ಕೇಳಿದ್ದಕ್ಕೆ ತೀರ್ಪು ಹೇಳಬೇಕು. ಬಾಯಿಂದ ಬಿದ್ದದ್ದು ಜಾರಿಯಾಗಲೇಬೇಕು. ಈ ಸಲ ಕೇಳುವ ಸರದಿ ಕೊಂಡಯ್ಯನದು.

ಅವನು ಹಳೇ ಓಲೆಯೊಂದನ್ನು ಬಿಚ್ಚಿ ಓದಿದ. “‘ಕೆರೆ ಊರಿನದು. ತೂಬಿಗೆ ಬೀಗ ಹಾಕಿದವನು ಅರಸನಾದರೂ ಕಳ್ಳ. ಬೀಗ ಒಡೆದವನೇ ಧರ್ಮವಂತ.’ ಹೀಗೆ ಬರೆದವನಿಗೆ ಏನು ಮಾಡೋಣ, ಪಂಡಿತರೇ?”

ಪಂಡಿತರು ನಾಯಕನ ಮುಖ ನೋಡಿದರು. ಹುಬ್ಬು ಗಂಟಿಕ್ಕಿತ್ತು. “ಶುದ್ಧ ರಾಜದ್ರೋಹ. ಬರೆದವನನ್ನು ಇವತ್ತೇ ಗಡಿಪಾರು ಮಾಡಬೇಕು.”

“ಇದು ನಾಯಕರ ತಾತನವರ ಮಾತಾಗಿದ್ದರೆ?”

“ಅಯ್ಯೋ, ಮೊದಲೇ ಹೇಳಬಾರದೇ, ಕೊಂಡಯ್ಯನವರೇ? ನಿಧಾನವಾಗಿ ನೋಡಿದರೆ ಎಂಥ ಧರ್ಮಸೂಕ್ಷ್ಮವಿದೆ ಇದರಲ್ಲಿ. ಬೀಗ ಒಡೆದವನಿಗೆ ಶಾಲು ಹೊದಿಸಬೇಕು.”

ಕೊಂಡಯ್ಯ ಓಲೆಯನ್ನು ನಾಯಕನ ಕೈಗಿತ್ತ. “ತಾತನವರದಲ್ಲ, ಬುದ್ಧಿ. ಕೆಳಗಿನ ರುಜು ನೋಡಿ. ಇಪ್ಪತ್ತರ ಹರೆಯದಲ್ಲಿ ಊರೂರಿನ ಜಗಲಿ ಹತ್ತಿ ಇದನ್ನೇ ಓದಿ ಹಾರ ಹಾಕಿಸಿಕೊಂಡವರು ನಮ್ಮ ಪಂಡಿತರು.”

ಪಂಡಿತರು ಬೆವರು ಒರೆಸಿಕೊಂಡರು. “ಅದು ಬಿಸಿರಕ್ತದ ಮಾತು, ಪ್ರಭು. ಆಮೇಲೆ ವಿವೇಕ ಬಂತು, ಬದಲಾದೆ.”

“ಎಲ್ಲಿ ಬದಲಾದಿರಿ, ಸ್ವಾಮಿ?” ಎಂದ ಕೊಂಡಯ್ಯ. “ಆಗ ಚಪ್ಪಾಳೆ ತಟ್ಟುವವರು ಜಗಲಿಯ ಕೆಳಗೆ ನಿಂತಿದ್ದರು, ಈಗ ಪೀಠ ಕೊಡುವವರು ಗದ್ದುಗೆಯ ಮೇಲೆ ಕೂತಿದ್ದಾರೆ. ನೀವು ಅಂದೂ ಎದುರಿಗಿದ್ದ ಮುಖ ನೋಡಿದಿರಿ, ಇಂದೂ ನೋಡಿದಿರಿ.”

ನಾಯಕನಿಗೆ ನಗು ತಡೆಯಲಾಗಲಿಲ್ಲ. “ಅದಿರಲಿ, ಕೊಂಡಯ್ಯ. ಒಂದೇ ಬಾಯಲ್ಲಿ ಎರಡು ತೀರ್ಪು ಬಂತಲ್ಲ. ಯಾವುದನ್ನು ಜಾರಿ ಮಾಡಲಿ?”

“ಪಂಡಿತರ ಮಾತು ಒಂದೂ ವ್ಯರ್ಥವಾಗಬಾರದು, ಬುದ್ಧಿ. ಎರಡನ್ನೂ ಮಾಡಿ. ಬೀಗ ಒಡೆದ ದ್ಯಾವನಿಗೆ ಶಾಲು, ಓಲೆ ಬರೆದವರಿಗೆ ಗಡಿಪಾರು.”