ಹೊರುವವರ ಪಂಕ್ತಿ

ಕೃಷ್ಣೆಯ ದಂಡೆಯಲ್ಲಿದ್ದ ನಮ್ಮೂರ ಚಿಕ್ಕಮಠಕ್ಕೆ ಆಗ ತಗಡಿನ ಮಾಡು. ಪೂಜ್ಯ ಶ್ರೀ ನಿಜಗುಣಯ್ಯ ಅಜ್ಜನವರು ದಾಸೋಹದ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಬದನೆಕಾಯಿ ಹೆಚ್ಚುತ್ತಲೇ ಭಕ್ತರ ದುಃಖ ಕೇಳುತ್ತಿದ್ದರು. ದರ್ಶನಕ್ಕೆ ಬಂದು ಸುಮ್ಮನೆ ಕೂತವರ ಕೈಗೂ ಒಂದು ಈಳಿಗೆ ಬರುತ್ತಿತ್ತು.

ಮಠಕ್ಕೊಂದು ಕಟ್ಟಳೆಯಿತ್ತು. ಅಮಾವಾಸ್ಯೆಯಂದು ಪಲ್ಲಕ್ಕಿ ಹೊಳೆಗೆ ಹೊರಡುವ ಮೊದಲು ಅದನ್ನು ಹೊರುವ ನಾಲ್ವರು ಉಣ್ಣಬೇಕು. ಆಮೇಲೆಯೇ ಪೂಜೆ, ಆಮೇಲೆಯೇ ಅಜ್ಜನವರ ಪ್ರಸಾದ. ಹಿಂದೆ ಯಾರೋ ಭಕ್ತಿ ಹೆಚ್ಚಾಗಿ ಉಪವಾಸವಿದ್ದು ಹೊತ್ತು, ಇಳಿಜಾರಿನಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದು, ಪಲ್ಲಕ್ಕಿಯ ಕಾಲು ಮುರಿದಿತ್ತಂತೆ. ನಾನು ಹೇಳಹೊರಟ ವರ್ಷ ಹೊರುವವರಲ್ಲಿ ನಾನೂ ಒಬ್ಬ. ಹೆಗಲಿಗಿಂತ ಜಂಬವೇ ಅಗಲವಾಗಿದ್ದ ಕಾಲವದು.

ಒಂದು ಅಮಾವಾಸ್ಯೆ ನಾವು ನಾಲ್ವರು ಎಲೆಯ ಮುಂದೆ ಕೂತಿದ್ದೆವು. ಆಗ ನಮ್ಮೂರ ದುಂಡವ್ವ ಮಗಳನ್ನು ಹೊತ್ತು ಬಂದಳು. ಒಂಬತ್ತು ವರ್ಷದ ಶಶಿಕಲಾಳಿಗೆ ಕತ್ತು ನಿಲ್ಲುತ್ತಿರಲಿಲ್ಲ, ಮಾತಿರಲಿಲ್ಲ. ದುಂಡವ್ವನ ಗಂಡ ಕಬ್ಬು ಕಡಿಯಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹಿಂದಿನ ಜನ್ಮದ್ದು, ಮಾಡಿದ್ದುಣ್ಣೋ ಮಾರಾಯ ಎಂದು ಊರು ಆಡಿಕೊಳ್ಳುತ್ತಿತ್ತು. ನಾನೂ ಅಂದವನೇ, ಸುಳ್ಳು ಹೇಳಲಾರೆ.

ಹುಡುಗಿಯ ಹಣೆಯ ಮೇಲೆ ಹಸಿ ಗಾಯವಿತ್ತು.

"ಅಜ್ಜಾರ, ಇನ್ನೇನು ಬಿಡ್ಲಿ ಹೇಳ್ರಿ" ಎಂದಳು ದುಂಡವ್ವ. "ಈಕಿ ಕತ್ತು ನಿಲ್ಲಲಿ ಅಂತ ಮೊದಲಿಗೆ ಸೋಮವಾರದ ಊಟ ಬಿಟ್ಟೆ. ಆಮ್ಯಾಲ ರಾತ್ರಿ ಊಟ ಬಿಟ್ಟೆ. ಮೂರು ವರ್ಷಾತು, ಉಪ್ಪು ಬಿಟ್ಟೀನಿ. ದೇವ್ರು ಒಪ್ಪವಲ್ಲ."

ಅಜ್ಜನವರು ಹೆಚ್ಚುವುದನ್ನು ನಿಲ್ಲಿಸಿದರು. "ಈ ಗಾಯ?"

ಅವಳು ಸೆರಗಿನಿಂದ ಮಗಳ ಹಣೆ ಮುಚ್ಚಿದಳು. "ಮೊನ್ನೆ ಬಾವಿ ಕಡೆ ಹೊಂಟಾಗ ತಲಿ ತಿರುಗಿ ಬಿದ್ದೆ. ಈಕಿ ಕಂಕುಳಾಗಿದ್ಲು. ಇನ್ನೆರಡು ಹೆಜ್ಜಿ ಮುಂದ ಬಿದ್ದಿದ್ರ ಬಾವಿನ ರೀ. ಅವತ್ತಿಂದ ನಿದ್ದಿಲ್ಲ. ನಾ ಹೋದ್ರ ಈಕಿ ಗತಿ?"

ಅಜ್ಜನವರು ಎದ್ದರು. ನಮ್ಮ ಪಂಕ್ತಿಯಲ್ಲಿ, ನನ್ನ ಪಕ್ಕದಲ್ಲೇ, ತಮ್ಮ ಕೈಯಾರೆ ಐದನೆಯ ಎಲೆ ಹಾಕಿದರು. ನನಗೆ ತಡೆಯಲಾಗಲಿಲ್ಲ. "ಅಜ್ಜಾರ, ಇದು ಹೊರೋರ ಪಂಕ್ತಿ" ಎಂದೆ.

"ಹೌದಪ್ಪಾ" ಎಂದರು ಅಜ್ಜನವರು. "ನೀ ತಿಂಗಳಿಗೊಮ್ಮೆ ಹೊರ್ತಿ. ಈಕಿ ಒಂಬತ್ತು ವರ್ಷಾತು, ಇನ್ನೂ ಇಳಿಸಿಲ್ಲ."

ನಾನು ತಲೆ ತಗ್ಗಿಸಿದೆ. ಜಾಗವಾಗಲೆಂದು ನನ್ನ ಎಲೆ ಅತ್ತ ಸರಿಸಿದೆ.

ದುಂಡವ್ವ ಆಗಲೂ ಕೂಡಲಿಲ್ಲ. "ನಾ ಉಂಡ್ರ ಈಕಿನ್ನ ಯಾರು ಹಿಡೀತಾರ್ರೀ?" ಎಂದಳು. ಅಜ್ಜನವರು ಮಗುವನ್ನು ಎತ್ತಿಕೊಂಡರು. ಜೊಲ್ಲು ಕಾವಿಯ ಮೇಲೆಲ್ಲ ಇಳಿಯಿತು. ಒರೆಸಲು ಅವಳು ಸೆರಗು ಹಿಡಿದು ಧಾವಿಸಿದಳು.

"ತಂಗೀ, ಹೊರೋರು ಉಪವಾಸ ಇರಬಾರದು. ಮಠದ ಕಟ್ಟಳಿ. ಉಣ್ಣು."

ಅವಳು ಕೂತಳು. ಪ್ರತಿ ತುತ್ತಿಗೂ ತಿರುಗಿ ಮಗಳನ್ನು ನೋಡುತ್ತಿದ್ದಳು. ನಾಲ್ಕನೆಯ ತುತ್ತಿಗೆ ಅಳುತ್ತ, ನನಗಷ್ಟೇ ಕೇಳುವಂತೆ, "ಅಣ್ಣಾ, ಒಂದೀಟು ಉಪ್ಪು ಈ ಕಡೆ ಸರಸ್ರಿ" ಎಂದಳು.

ಊಟ ಮುಗಿದಾಗ ಅಜ್ಜನವರು ನಮ್ಮತ್ತ ನೋಡಿದರು. "ಪಲ್ಲಕ್ಕಿಗೆ ನಾಲ್ಕು ಹೆಗಲು ಐತಿ. ಈ ಕೂಸಿಗೆ?" ಅಷ್ಟೇ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ, ಪೂಜೆಗೆ ಹೋದರು.

ಮರುದಿನ ಅವರೇ ದುಂಡವ್ವನನ್ನು ತಾಲ್ಲೂಕಿನ ದವಾಖಾನೆಗೆ ಕಳಿಸಿದರು. ಅವಳ ಮೈಯಲ್ಲಿ ರಕ್ತವೇ ಇಲ್ಲವೆಂದು ಅಲ್ಲಿನ ಡಾಕ್ಟರು ಗುಳಿಗೆ ಕೊಟ್ಟರು. ಶಶಿಕಲಾಳ ಕತ್ತು ನಿಲ್ಲಲಿಲ್ಲ, ಮಾತೂ ಬರಲಿಲ್ಲ. ಪವಾಡ ಕೇಳಿಕೊಂಡು ಬರುವವರಿಗೆ ನಾನು ಇದನ್ನೂ ಹೇಳುತ್ತೇನೆ.

ದುಂಡವ್ವನಿಗೆ ಬಿಡುವಾಗಲೆಂದು ನಾವು ನಾಲ್ವರು ಮಗುವನ್ನು ಹೊರಲು ಮಧ್ಯಾಹ್ನದ ಪಾಳಿ ಹಚ್ಚಿಕೊಂಡೆವು. ಸೋಮವಾರ ನನ್ನದು. ಮೊದಲ ದಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವರ ಅಂಗಳದಲ್ಲಿ ಅಡ್ಡಾಡಿದೆ. ಕತ್ತು ಜಾರದಂತೆ ಒಂದು ಕೈ ಸದಾ ಅಲ್ಲೇ ಇರಬೇಕು. ಅರ್ಧ ತಾಸಿಗೇ ರಟ್ಟೆ ಸೋತಿತು. ದುಂಡವ್ವನನ್ನು ಕರೆಯೋಣವೆಂದು ಬಾಗಿಲಿಗೆ ಹೋದೆ. ಅವಳು ಬರಿ ನೆಲದ ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದಳು.

ಅಜ್ಜನವರನ್ನು ನೆನೆದು ಹೆಗಲು ಬದಲಿಸಿಕೊಂಡೆ.